ಹಗ್ಗದ ಮೇಲೆ ಕೂತ ಹುತ್ತ

ಚೀಟಿಯ ಎಡ ಅಂಚು ಹಗ್ಗದ ಒಳಗಿತ್ತು, ಬಲ ಅಂಚು ಹೊರಗೆ. ಹಳೆಯ ಲಗ್ನಪತ್ರಿಕೆಯೊಂದನ್ನು ನಾಲ್ಕಾಗಿ ಕತ್ತರಿಸಿ ಮಾಡಿದ ಚೀಟಿ ಅದು. ಅಚ್ಚಾದ ಬದಿಯಲ್ಲಿ ಅರ್ಧ ಕಳಶ ಉಳಿದಿತ್ತು. ಖಾಲಿ ಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದ ಎರಡೇ ಅಕ್ಷರ: ಹುತ್ತ. ಗಾಳಿಗೆ ಹಾರದಿರಲೆಂದು, ಬರೆದ ಹುಡುಗಿ ಮೇಲೆ ಗಜ್ಜುಗದಷ್ಟು ಕಲ್ಲೊಂದನ್ನು ಇಟ್ಟಿದ್ದಳು. ಆ ಕಲ್ಲೂ ಸರಿಯಾಗಿ ಹಗ್ಗದ ನೇರಕ್ಕೇ ಇತ್ತು. ಅವಸರದಲ್ಲಿ ಎಸೆದು ಹೋದದ್ದಲ್ಲ, ನೋಡಿ ಇಟ್ಟದ್ದು.

ಅಂದು ಶನಿವಾರ, ಬೆಳಗಿನ ಶಾಲೆ. ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಮೂರು ಕಿಲೋಮೀಟರ್ ಒಳಗಿರುವ ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಆಗ ಅತಿಥಿ ಶಿಕ್ಷಕಿ. ಶಾಲೆಯ ಹಿಂಬದಿಗೆ ಕಾಂಪೌಂಡ್ ಇರಲಿಲ್ಲ. ಬಿಸಿಯೂಟದ ಅಡುಗೆ ಕೋಣೆ ದಾಟಿದರೆ ನೇರ ಗೋಮಾಳ: ಜಾಲಿ, ತಂಗಡಿ, ಅಲ್ಲಲ್ಲಿ ಬಂಡೆ, ಮಳೆ ಬಿದ್ದದ್ದರಿಂದ ನೆಲದ ಮೇಲೆ ತೆಳ್ಳಗೆ ಹಸಿರು. ಪಂಚಮಿ ಕಳೆದು ಹತ್ತು ದಿನವಾಗಿತ್ತು. ಐದನೇ ತರಗತಿಯ ಇಪ್ಪತ್ತಾರು ಮಕ್ಕಳು ಕುರಿ ಕಟ್ಟುವ ಹಗ್ಗಗಳನ್ನು ಮನೆಯಿಂದ ತಂದು, ಒಂದಕ್ಕೊಂದು ಗಂಟು ಹಾಕಿ, ನೆಲದ ಮೇಲೆ ದೊಡ್ಡ ವೃತ್ತ ಮಾಡಿದ್ದರು. ಅದರ ಒಳಗೆ ಜೀವಿಗಳು, ಹೊರಗೆ ನಿರ್ಜೀವ ವಸ್ತುಗಳು. ಅರ್ಧ ಗಂಟೆ ಸುತ್ತಾಡಿ, ಕಂಡದ್ದನ್ನು ಚೀಟಿಯಲ್ಲಿ ಬರೆದು, ಸರಿಯೆನಿಸಿದ ಕಡೆ ಇಡಬೇಕು. ಹಿಡಿಯುವಂತಿಲ್ಲ, ಕೀಳುವಂತಿಲ್ಲ. ಹೆಸರು ಬರೆದರೆ ಸಾಕು.

ಒಳಗೆ ಆಗಲೇ ಚೀಟಿಗಳು ತುಂಬಿದ್ದವು. ಓತಿಕ್ಯಾತ, ಗೊದ್ದ, ಗರಿಕೆ, ಗೊರವಂಕ, ಮಿಡತೆ, ಬೇವು, ಎಕ್ಕೆ, ಮಳೆ ಬಂದಾಗ ಮಾತ್ರ ಹೊರಬರುವ ಕೆಂಪು ಮಖಮಲ್ಲಿನಂಥ ಹುಳ. ಹೊರಗೆ ಕಲ್ಲು, ಬೀಡಿ ತುಂಡು, ಬಾಟಲಿಯ ಮುಚ್ಚಳ, ಟ್ರ್ಯಾಕ್ಟರಿನ ಗಾಲಿ ಗುರುತು. ಯಾರೋ ನೆರಳನ್ನು ಮೊದಲು ಒಳಗಿಟ್ಟು, ಆಮೇಲೆ ಯೋಚಿಸಿ ಹೊರಗಿಟ್ಟಿದ್ದರು. ಹಗ್ಗದ ಮೇಲೆ ಇದ್ದದ್ದು ಇದೊಂದೇ ಚೀಟಿ.

ವಿಂಗಡಿಸುವ ಕೆಲಸ ನನಗೆ ಹೊಸದಲ್ಲ. ನನ್ನ ಊರು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. ಬೇಯಿಸಿ ಒಣಗಿಸಿದ ಅಡಿಕೆಯನ್ನು ಮನೆಯ ಹೆಂಗಸರು ನಡುಮನೆಯಲ್ಲಿ ಸುರುವಿಕೊಂಡು ಬಗೆಬಗೆಯಾಗಿ ಆರಿಸುವಾಗ, ನಾನು ಎರಡನೇ ತರಗತಿಯಿಂದಲೇ ಅವರ ನಡುವೆ ಕೂತವಳು. ಕಣ್ಣು ನೋಡುವ ಮೊದಲೇ ಬೆರಳು ಹೇಳುತ್ತದೆ, ಇದು ಯಾವ ಗುಡ್ಡೆಗೆ ಎಂದು. ಅಲ್ಲಿ ಒಂದೇ ನಿಯಮ: ಯಾವ ಅಡಿಕೆಯೂ ಎರಡು ಗುಡ್ಡೆಗಳ ನಡುವೆ ಉಳಿಯಬಾರದು. ಉಳಿದರೆ, ಆರಿಸುವವಳಿಗೆ ಕೈ ಬಂದಿಲ್ಲ ಎಂದು ಅರ್ಥ. ಮುಂದೆ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದಾಗಲೂ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ವರ್ಗೀಕರಣವೇ. ಪ್ರತಿಯೊಂದಕ್ಕೂ ಒಂದು ಜಾಗ ಇದೆ ಎನ್ನುವ ನೆಮ್ಮದಿ ಅದರಲ್ಲಿದೆ.

ಹಿಂದಿನ ವರ್ಷ ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಕಡೆ, ಹೊಳೆ ಹತ್ತಿರದ ಶಾಲೆಯಲ್ಲಿ ಇದೇ ಪಾಠ ಮಾಡಿದ್ದೆ. ಅಲ್ಲಿನ ಮಕ್ಕಳು ನನ್ನನ್ನು ಕೇಳದೆಯೇ ಎಲ್ಲವನ್ನೂ ನೀರಿನದು, ದಡದ್ದು, ಎರಡೂ ಕಡೆಯದು ಎಂದು ಬೇರೆ ಮಾಡಿದ್ದರು. ಇಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ದ ಮೊದಲ ಶನಿವಾರ, ಗಿಡಗಳನ್ನು ನಿಮಗೆ ತೋಚಿದ ಹಾಗೆ ಗುಂಪು ಮಾಡಿ ಎಂದೆ. ಮರ, ಪೊದೆ, ಬಳ್ಳಿ ಎಂದು ಮಾಡುತ್ತಾರೆಂದು ಕಾದೆ. ಹತ್ತು ನಿಮಿಷದಲ್ಲಿ ಮೂರು ಗುಂಪು ತಯಾರಾಯಿತು: ಕುರಿ ತಿನ್ನುವುದು, ಮೇಕೆ ತಿನ್ನುವುದು, ಎರಡೂ ಮೂಸಿ ಬಿಡುವುದು. ಅಷ್ಟಕ್ಕೇ ನಿಲ್ಲಲಿಲ್ಲ. ಎಳೆಯದಿದ್ದಾಗ ತಿಂದು ಬಲಿತ ಮೇಲೆ ಬಿಡುವುದನ್ನು ಎಲ್ಲಿಡಬೇಕು ಎಂದು ಎರಡು ಬಣಗಳಾಗಿ ಜಗಳವಾಡಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಲೇ ಇದ್ದೆ, ಪುಟ ತಿರುಗಿಸಲೂ ವ್ಯವಧಾನವಿರಲಿಲ್ಲ. ಜಗಳೂರಿನ ನನ್ನ ಬಾಡಿಗೆ ಕೋಣೆಗೆ ಮರಳುವಾಗ ಬಸ್ಸಿನಲ್ಲಿ ಸೀಟು ಇದ್ದರೂ ಕೂರದೆ ನಿಂತೇ ಬಂದೆ.

ತರಗತಿಯ ಕೋಣೆಯೊಳಗೆ ಆ ಮಕ್ಕಳು ಹಾಗಿರಲಿಲ್ಲ. ಅದರಲ್ಲೂ ಹುತ್ತದ ಚೀಟಿಯ ಹುಡುಗಿ. ಕಿಟಕಿಯ ಪಕ್ಕದ ಎರಡನೇ ಸಾಲು, ಮೇಕೆ ಸಾಕುವ ಮನೆಯವಳು, ಅಜ್ಜಿಯ ಜೊತೆ ಇರುವವಳು. ಎರಡು ತಿಂಗಳಲ್ಲಿ ಅವಳ ಬಾಯಿಂದ ನಾನು ಕೇಳಿದ್ದು ಹಾಜರಿಯ ಉತ್ತರವೊಂದನ್ನೇ. ಹೊರಗೆ ಬಂದರೆ ಅದೇ ಹುಡುಗಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು, ಹಿಂತಿರುಗಿ ನೋಡಿ ಕಲ್ಲು ಐತೆ, ಮುಳ್ಳು ಐತೆ ಎಂದು ನನಗೆ ದಾರಿ ಹೇಳುತ್ತಿದ್ದಳು. ನಾನೂ ಕೋಣೆಯೊಳಗೆ ಹೆಚ್ಚು ಮಾತಿನವಳಲ್ಲ. ಅದನ್ನು ಅವಳು ಗಮನಿಸಿದ್ದಳೋ ಏನೋ, ನಾನಂತೂ ಗಮನಿಸಿದ್ದೆ.

ಈ ಶನಿವಾರಗಳಿಗೆ ಒಂದು ಷರತ್ತು ಇತ್ತು. ಮುಖ್ಯ ಶಿಕ್ಷಕರು ನಿವೃತ್ತಿಯ ಹತ್ತಿರ ಬಂದ, ಸೂಕ್ಷ್ಮವಾಗಿ ನಡೆದುಕೊಳ್ಳುವ ಮನುಷ್ಯ. ಮೊದಲ ದಿನವೇ ಹೇಳಿದ್ದರು: ಹಾವು, ಚೇಳು, ಬಿಸಿಲು, ಏನೇ ಆಗಲಿ, ಊರಿನಿಂದ ಒಂದೇ ಒಂದು ದೂರು ಬಂದರೆ ಅಂದಿಗೆ ಹೊರಗಿನ ಪಾಠ ಮುಗಿಯಿತು. ಮಳೆಗಾಲ ಪೂರ್ತಿ ಹೊರಗೆ ಹೋಗಬೇಕೆಂಬ ಆಸೆ ನನಗೆ. ಪ್ರತಿ ಶನಿವಾರ ದೂರಿಲ್ಲದೆ ಮುಗಿದಾಗ ಕ್ಯಾಲೆಂಡರಿನಲ್ಲಿ ಸಣ್ಣ ಚುಕ್ಕೆ ಇಡುತ್ತಿದ್ದೆ. ಐದು ಚುಕ್ಕೆಗಳಾಗಿದ್ದವು.

ಆರನೆಯ ಶನಿವಾರ ಈ ಚೀಟಿ.

ಜೀವಿ ಎಂದು ಹೇಳಬೇಕಾದರೆ ಯಾವ ಪ್ರಶ್ನೆಗಳನ್ನು ಕೇಳಬೇಕೆಂದು ನಾನೇ ಕಲಿಸಿದ್ದೆ. ತಿನ್ನುತ್ತದೆಯೇ, ಉಸಿರಾಡುತ್ತದೆಯೇ, ಬೆಳೆಯುತ್ತದೆಯೇ, ಚಲಿಸುತ್ತದೆಯೇ, ತನ್ನಂಥದ್ದನ್ನು ಹುಟ್ಟಿಸುತ್ತದೆಯೇ, ಸಾಯುತ್ತದೆಯೇ. ಹುತ್ತವನ್ನು ಈ ಪ್ರಶ್ನೆಗಳಿಂದ ದಾಟಿಸು ನೋಡೋಣ ಎಂದೆ. ಒಂದೆರಡಕ್ಕೆ ತಡವರಿಸಿ ಚೀಟಿಯನ್ನು ತಾನೇ ಹೊರಗೆ ಸರಿಸುತ್ತಾಳೆ ಎಂದುಕೊಂಡಿದ್ದೆ.

“ತಿಂತೈತೆ ಮಿಸ್,” ಅಂದಳು. “ಪಂಚಮಿಗೆ ಹಾಲು ಹೊಯ್ದರೆ ಒಂದು ತೊಟ್ಟೂ ಹೊರಗೆ ಬರಲ್ಲ.”

ಉಸಿರು? ಚಳಿಗಾಲದಲ್ಲಿ ಮುಂಜಾನೆ ಬಂದು ನೋಡಬೇಕಂತೆ, ಹುತ್ತದ ಬಾಯಿಂದ ಹಬೆ ಬರುತ್ತದಂತೆ, ನಮ್ಮ ಬಾಯಿಂದ ಬರುವ ಹಾಗೆಯೇ. ಮರಿ? ದೊಡ್ಡದರ ಪಕ್ಕದಲ್ಲಿ ಗೇಣುದ್ದದ್ದೊಂದು ಈ ಮಳೆಗಾಲದಲ್ಲಿ ಎದ್ದಿದೆಯಂತೆ. ಬೆಳವಣಿಗೆಗೆ ಅವಳು ಕೊಟ್ಟ ಲೆಕ್ಕವನ್ನು ನಾನು ಅಂದೇ ಬರೆದಿಟ್ಟುಕೊಂಡೆ.

“ನಾನು ಒಂದನೇ ಕ್ಲಾಸಿನಾಗೆ ಇದ್ದಾಗ ನನ್ನ ಸೊಂಟಕ್ಕಿತ್ತು. ಈಗ್ಲೂ ಸೊಂಟಕ್ಕೇ ಐತೆ. ನಾನು ಬೆಳೆದೀನಲ್ಲ ಮಿಸ್.”

ಮಕ್ಕಳು ವೃತ್ತದ ಸುತ್ತ ಒತ್ತಿಕೊಂಡು ನಿಂತರು. ಬೇವಿನ ಚೀಟಿ ಇಟ್ಟಿದ್ದ ಹುಡುಗನೊಬ್ಬ, ಹಂಗಾರೆ ನಿನ್ನ ಹುತ್ತಕ್ಕೆ ನಾಕು ಹೆಜ್ಜೆ ನಡಿಯಾಕೆ ಹೇಳು ನೋಡನ, ಎಂದ. ಅವಳು ಅವನ ಕಡೆ ತಿರುಗಲೂ ಇಲ್ಲ.

“ನಿನ್ನ ಬೇವಿನ ಮರ ನಡ್ಕೊಂಡು ಬಂದು ಒಳಗೆ ಕುಂತೈತೇನು?”

ಇಡೀ ಗುಂಪು ನಕ್ಕಿತು. ಎರಡು ತಿಂಗಳು ಬಾಯಿ ಬಿಡದ ಹುಡುಗಿ ನಾನು ಕೊಟ್ಟ ಪ್ರಶ್ನೆಗಳನ್ನೇ ಹಿಡಿದು ನನ್ನನ್ನು ಮೂಲೆಗೆ ನಿಲ್ಲಿಸಿದ್ದಳು, ಒಂದೊಂದು ಉತ್ತರವೂ ಕಣ್ಣಾರೆ ಕಂಡದ್ದು. ಹಾಗಾದರೆ ಪೂರ್ತಿ ಒಳಗೆ ಇಡದೆ ಹಗ್ಗದ ಮೇಲೆ ಯಾಕಿಟ್ಟೆ ಎಂದು ಕೇಳಿದೆ.

“ಒಂದು ಗೊತ್ತಿಲ್ಲ ಮಿಸ್. ಅದು ಸಾಯ್ತದೋ ಇಲ್ವೋ ನಾನು ನೋಡಿಲ್ಲ.”

ಆಗ ನಾನು ಏನು ಮಾಡಬೇಕಿತ್ತೋ ಅದನ್ನು ಮಾಡಲಿಲ್ಲ. ಅಡುಗೆ ಕೋಣೆಯ ಮೆಟ್ಟಿಲ ಮೇಲೆ ಮುಖ್ಯ ಶಿಕ್ಷಕರು ಗಡಿಯಾರ ನೋಡುತ್ತಾ ನಿಂತಿದ್ದರು. ಗಂಟೆ ಹೊಡೆಯಲು ಐದು ನಿಮಿಷವೂ ಇರಲಿಲ್ಲ. ನಾನು ಎರಡೂ ಕೈ ತುಂಬ ಚೀಟಿಗಳನ್ನು ಎತ್ತಿಕೊಂಡಿದ್ದೆ. ಎರಡು ಗುಡ್ಡೆಗಳ ನಡುವೆ ಒಂದು ಅಡಿಕೆ ಉಳಿದಿತ್ತು. ಹುತ್ತ ಅಂದರೆ ಮಣ್ಣು, ಅದು ನಿರ್ಜೀವ, ಎಂದು ಹೇಳಿ, ಚಪ್ಪಲಿಯ ತುದಿಯಿಂದ ಚೀಟಿಯನ್ನು ಹಗ್ಗದಾಚೆಗೆ ಸರಿಸಿದೆ. ಗಜ್ಜುಗದಂಥ ಕಲ್ಲು ಉರುಳಿ ಬಿತ್ತು.

ನಗು ನಿಂತುಹೋಯಿತು. ಯಾಕೆಂದು ನನಗೆ ಹೊಳೆದದ್ದು ಹುಡುಗಿ ಬಾಗಿ ಚೀಟಿಯನ್ನು ಎತ್ತಿಕೊಂಡು, ಮಣ್ಣು ಕೊಡವಿ, ಎರಡೂ ಕಣ್ಣಿಗೆ ಒತ್ತಿಕೊಂಡಾಗ. ಅಕ್ಷರವಿರುವ ಕಾಗದಕ್ಕೆ ಕಾಲು ತಾಗಿದರೆ ನಾನೂ ಹಾಗೆಯೇ ಒತ್ತಿಕೊಳ್ಳುತ್ತಾ ಬೆಳೆದವಳು. ಅದರಲ್ಲೂ ಆ ಕಾಗದದ ಮೇಲಿದ್ದದ್ದು ಹತ್ತು ದಿನದ ಹಿಂದೆ ಅವರೆಲ್ಲ ಹಾಲೆರೆದು ಬಂದ ಹುತ್ತ. ಏನಾದರೂ ಹೇಳುವ ಮೊದಲೇ ಗಂಟೆ ಹೊಡೆಯಿತು. ಅವಳು ಚೀಟಿಯನ್ನು ಪುಸ್ತಕದೊಳಗಿಟ್ಟುಕೊಂಡು ಹೋದಳು. ಅಂದು ಕ್ಯಾಲೆಂಡರಿನಲ್ಲಿ ಚುಕ್ಕೆ ಇಡಲು ನನಗೆ ಕೈ ಬರಲಿಲ್ಲ.

ಸೋಮವಾರ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸು ಸ್ವಲ್ಪ ಹೊತ್ತು ನನ್ನ ಬ್ಯಾಗನ್ನೂ ಚಪ್ಪಲಿಯನ್ನೂ ನೋಡಿದಳು.

“ಹುತ್ತ ಒದ್ದ ಟೀಚರು ನೀವೇ ಏನ್ರೀ?”

ಒದ್ದಿಲ್ಲ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಒದ್ದ ಕೂಡಲೇ ಒಳಗಿಂದ ಬುಸ್ ಅಂದದ್ದು ಮೂರು ಮಕ್ಕಳಿಗೆ ಕೇಳಿಸಿತಂತೆ, ಟೀಚರಿಗೆ ಜ್ವರ ಬಂದಿದೆಯಂತೆ. ಜ್ವರ ಇಲ್ಲದ್ದನ್ನು ಕಂಡು ಅವಳಿಗೆ ಸ್ವಲ್ಪ ನಿರಾಸೆಯಾದಂತಿತ್ತು.

ಶಾಲೆಯ ಅಂಗಳದ ಧ್ವಜಕಂಬಕ್ಕೆ ಒಂದು ಕಪ್ಪು ಮೇಕೆ ಕಟ್ಟಿತ್ತು. ಅದು ಆಗಲೇ ದಾಸವಾಳದ ಕೆಳಗಿನ ಎಲೆಗಳನ್ನೆಲ್ಲ ಮುಗಿಸಿತ್ತು. ಕಚೇರಿಯ ಹೊಸ್ತಿಲ ಮೇಲೆ ಹುಡುಗಿಯ ಅಜ್ಜಿ ಮಂಡಿಯ ಮೇಲೆ ಕೋಲು ಅಡ್ಡ ಇಟ್ಟುಕೊಂಡು ಕೂತಿದ್ದಳು. ಕುರ್ಚಿ ಕೊಟ್ಟರೆ ಬೇಡವೆಂದಳಂತೆ. ಮುಖ್ಯ ಶಿಕ್ಷಕರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದರು: ತಪ್ಪಾಯಿತು ಅಂದುಬಿಡಿ, ಇನ್ನು ಶನಿವಾರದ್ದೆಲ್ಲ ಬೇಡ, ಪುಸ್ತಕದ ಚಿತ್ರ ತೋರಿಸಿ ಮಾಡಿ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಷರತ್ತು ಮುರಿದಿದೆ ಎಂಬುದಷ್ಟೇ ಇತ್ತು. ನಾನು ಆಗಲಿ ಎಂದೆ. ಬೇರೆ ಏನು ಹೇಳಲೂ ನನಗೆ ಹಕ್ಕಿರಲಿಲ್ಲ.

ಅವರು ಅಜ್ಜಿಯ ಕಡೆ ತಿರುಗಿ, ಮೇಡಂ ಕ್ಷಮೆ ಕೇಳ್ತಾರೆ ಎಂದು ಶುರುಮಾಡಿದರು.

“ಮೇಷ್ಟ್ರೇ, ನೀವು ಸುಮ್ಕಿರ್ರಿ. ನಾನು ಮಾತಾಡಾಕೆ ಬಂದಿರೋದು ಈ ಹುಡುಗಿ ಹತ್ರ.” ಅಜ್ಜಿ ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. “ಒದ್ದಿದ್ದು ನಿಜಾನೇನವ್ವ?”

ಒದೆಯಲಿಲ್ಲ, ಆದರೆ ಹುತ್ತ ಎಂದು ಬರೆದ ಚೀಟಿಯನ್ನು ಕಾಲಿನಿಂದ ಸರಿಸಿದ್ದು ನಿಜ, ಅದು ತಪ್ಪು ಎಂದೆ. ಶನಿವಾರದಿಂದ ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆನಾದ್ದರಿಂದ ತೊದಲದೆ ಬಂತು. ಅಜ್ಜಿ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

“ಚೀಟೀದು ನನಗೆ ಬ್ಯಾಡ. ಅದು ಸರಸ್ವತಿ, ನೀನುಂಟು ಆಕಿ ಉಂಟು. ಆದ್ರೆ ಹುತ್ತಕ್ಕೆ ಜೀವ ಇಲ್ಲ ಅಂದ್ಯಂತೆ. ಮೊಮ್ಮಗಳು ಶನಿವಾರದಿಂದ ಸರಿಯಾಗಿ ಉಂಡಿಲ್ಲ. ಆ ಮಾತು ಇಲ್ಲಿ ಕೋಣೆಯಾಗೆ ನಿಂತು ಹೇಳಾದಲ್ಲ. ಬಾ, ಅದರ ಮುಂದೆ ನಿಂತು ಹೇಳು.”

ಮುಖ್ಯ ಶಿಕ್ಷಕರು ಕೊಡೆ ತೆಗೆದುಕೊಂಡರು. ಐದನೇ ತರಗತಿಯನ್ನು ಯಾರೂ ಕರೆಯಲಿಲ್ಲ, ಆದರೆ ನಾವು ಅಡುಗೆ ಕೋಣೆ ದಾಟುವಷ್ಟರಲ್ಲಿ ಇಪ್ಪತ್ತಾರು ಮಕ್ಕಳೂ ಹಿಂದೆ ಇದ್ದರು. ಮುಂದೆ ಆ ಹುಡುಗಿ, ಮೇಕೆಯ ಹಗ್ಗ ಹಿಡಿದು. ಅಂದು ಅವಳು ನನಗೆ ದಾರಿಯ ಮುಳ್ಳುಗಳನ್ನು ಹೇಳಲಿಲ್ಲ.

ಹುತ್ತ ಇದ್ದದ್ದು ಗೋಮಾಳದ ಆಚೆ ಅಂಚಿನಲ್ಲಿ, ಹೊಂಗೆ ಮರದ ಕೆಳಗೆ. ಹುಡುಗಿ ಹೇಳಿದ ಹಾಗೆಯೇ ಅವಳ ಸೊಂಟದೆತ್ತರ, ಮೂರು ಗೋಪುರ, ಪಕ್ಕದಲ್ಲಿ ಗೇಣುದ್ದದ ಮರಿ. ಅರಿಶಿನ ಕುಂಕುಮದ ಕಲೆ, ಒಣಗಿದ ಹೂವು, ಸುತ್ತಿದ ಹಸಿ ದಾರ. ಹತ್ತು ಹೆಜ್ಜೆ ದೂರದಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ಮುಖ್ಯ ಶಿಕ್ಷಕರ ಶೂಗಳ ಪಕ್ಕದಲ್ಲಿ ನಾನೂ ಬಿಟ್ಟೆ. ಅಜ್ಜಿ ಕೈ ಮುಗಿದು, ನನ್ನ ಕಡೆ ನೋಡಿ, ಹೇಳು ಎಂಬಂತೆ ಗದ್ದ ಎತ್ತಿದಳು.

ನಾನು ಬಾಯಿ ತೆರೆಯುವುದಕ್ಕೂ ಹುಡುಗಿ ಕೈ ಮುಗಿಯಲೆಂದು ಹಗ್ಗ ಬಿಡುವುದಕ್ಕೂ ಸರಿಹೋಯಿತು. ಎತ್ತರದ ಜಾಗ ಕಂಡರೆ ಮೇಕೆ ಸುಮ್ಮನಿರುವ ಪ್ರಾಣಿಯಲ್ಲ. ಎರಡೇ ನೆಗೆತಕ್ಕೆ ಹುತ್ತದ ತುದಿಗೆ ಏರಿ, ಹೊಂಗೆಯ ಟೊಂಗೆಗೆ ಬಾಯಿ ಹಾಕಿತು. ಹಿಂಗಾಲು ಜಾರಿತು. ಜಾರಿದ ಕಾಲನ್ನು ಝಾಡಿಸಿ ಒದ್ದು ಊರಿಕೊಳ್ಳಲು ನೋಡಿದಾಗ ತೆಂಗಿನ ಹೋಳಿನಷ್ಟು ಮಣ್ಣು ಕಿತ್ತು ಕೆಳಗೆ ಬಿತ್ತು.

“ನಿನ್ನ ಕಾಲು ಮುರಿಯ, ಇಳೀತಿಯೋ ಇಲ್ವೋ,” ಎಂದು ಅಜ್ಜಿ ಕೋಲು ಎತ್ತಿಕೊಂಡು ಓಡಿದಳು. ಮೇಕೆ ಎಲೆ ಅಗಿಯುತ್ತಲೇ ಇಳಿದು ದೂರ ಹೋಗಿ ನಿಂತಿತು. ಮುಖ್ಯ ಶಿಕ್ಷಕರು ಕೊಡೆಯನ್ನು ನೆಲಕ್ಕೆ ಊರಿ, ಬಹಳ ಗಂಭೀರವಾಗಿ ಕೇಳಿದರು:

“ಅಜ್ಜಿ, ಇದರ ಮ್ಯಾಲಿನ ದೂರು ಯಾರಿಗೆ ಬರಕೊಡೋದು?”

ಅಜ್ಜಿಯ ತುಟಿ ಒಂದು ಕಡೆಗೆ ಎಳೆಯಿತು. ಸೆರಗು ಬಾಯಿಗೆ ಹಿಡಿದುಕೊಂಡಳು. ಅಷ್ಟು ಸಾಕಾಯಿತು, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇದ್ದದ್ದು ಹುಡುಗಿಯೊಬ್ಬಳೇ. ಅವಳು ಒಡೆದ ಜಾಗದ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು.

“ಮಿಸ್, ಬರ್ರಿ. ಏನೋ ಬರಾಕತ್ತೈತೆ.”

ನಾಲ್ಕು ಬೆರಳಗಲದ ಗಾಯ. ಒಳಗೆ ಕತ್ತಲೆಯ ಓಣಿಗಳು, ಒಂದರ ಬಾಯಲ್ಲಿ ಕಂದು ತಲೆಯ ಎರಡು ಗೆದ್ದಲು ಹುಳಗಳು ಕೊಂಬಿನಂಥ ದವಡೆ ಅಗಲಿಸಿ ನಿಂತಿದ್ದವು, ಬಾಗಿಲು ಕಾಯುವವರ ಹಾಗೆ. ನಾನು ಬ್ಯಾಗಿನಿಂದ ಭೂತಗನ್ನಡಿ ತೆಗೆದೆ. ಅಜ್ಜಿಗೆ ಏನು ಉತ್ತರ ಹೇಳಬೇಕೆಂಬುದು ಆ ಕ್ಷಣಕ್ಕೆ ನಿಜವಾಗಿಯೂ ಮರೆತುಹೋಗಿತ್ತು. ಮಣ್ಣಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದೆ. ಹುಡುಗಿ ನನ್ನ ಪಕ್ಕ ಮಲಗಿದಳು. ಅವಳ ಪಕ್ಕ ಬೇವಿನ ಚೀಟಿಯ ಹುಡುಗ.

ಕಾವಲಿನವರ ಹಿಂದಿನಿಂದ ಬಿಳಿಚಿದ ಸಣ್ಣ ಹುಳಗಳು ಬಂದವು. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಎಣಿಸಲಾರದಷ್ಟು. ಒಂದೊಂದರ ಬಾಯಲ್ಲೂ ರಾಗಿ ಕಾಳಿಗಿಂತ ಚಿಕ್ಕ ಮಣ್ಣಿನ ಉಂಡೆ, ಎಂಜಲಿನಿಂದ ಒದ್ದೆ ಮಾಡಿದ್ದು. ಗಾಯದ ಅಂಚಿಗೆ ಬಂದು, ತಲೆಯಾಡಿಸಿ, ಉಂಡೆಯನ್ನು ಅಂಟಿಸಿ, ಹಿಂತಿರುಗಿ ಹೋಗುತ್ತಿದ್ದವು. ಯಾರೂ ಒಂದನ್ನೊಂದು ಕೇಳುತ್ತಿರಲಿಲ್ಲ, ಯಾರೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ಮಕ್ಕಳು ಉಂಡೆಗಳನ್ನು ಎಣಿಸತೊಡಗಿದರು. ಮೊದಲು ಪಿಸುದನಿಯಲ್ಲಿ, ಇಪ್ಪತ್ತು ದಾಟಿದ ಮೇಲೆ ಒಟ್ಟಿಗೆ. ನೂರಕ್ಕೆ ಬಂದಾಗ ಅಂಚಿನ ಒಂದು ಮೂಲೆ ಕಡ್ಡಿಯಷ್ಟು ದಪ್ಪ ಒದ್ದೆ ಮಣ್ಣಿನಿಂದ ಕಪ್ಪಾಗಿತ್ತು. ಮುಖ್ಯ ಶಿಕ್ಷಕರು ಕರವಸ್ತ್ರ ಹಾಸಿ ಮಂಡಿಯೂರಿದ್ದನ್ನು ನಾನು ಆಮೇಲೆ ಗಮನಿಸಿದೆ. ಅವರೂ ಎಣಿಸುತ್ತಿದ್ದರು.

ಭೂತಗನ್ನಡಿಯನ್ನು ಅಜ್ಜಿಗೆ ಕೊಟ್ಟೆ. ಹೇಗೆ ಹಿಡಿಯಬೇಕೆಂದು ಮೊಮ್ಮಗಳು ತೋರಿಸಿದಳು. ಅಜ್ಜಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

“ಎಷ್ಟು ಜನ ಇದಾರೆ ಒಳಗೆ,” ಅಂದಳು, ತನಗೇ ಹೇಳಿಕೊಳ್ಳುವ ಹಾಗೆ.

ಹುಡುಗಿ ಮಣ್ಣಾದ ಗಲ್ಲವನ್ನು ಅಂಗೈಯಿಂದ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಶನಿವಾರದ ನಂತರ ಮೊದಲ ಸಲ.

“ಹಂಗಾರೆ ಹಬೆ ಇವರ ಉಸಿರಾ ಮಿಸ್? ಬೆಳೆಸಿದ್ದೂ ಇವರೇನಾ?”

ಹೌದು ಎಂದೆ. ನಾನು ಎದ್ದು ಕೂತು, ಅಜ್ಜಿ ಕೇಳಿದ್ದಕ್ಕೆ ಅಲ್ಲೇ, ಹುತ್ತದ ಮುಂದೆ ಉತ್ತರ ಹೇಳಿದೆ. ಶಾಲೆಯಲ್ಲಿ ನಾನು ಪುಸ್ತಕದ ಮಾತಿನಲ್ಲೇ ಮಾತಾಡುವವಳು. ಅಂದು ಮನೆಯ ಮಾತು ಬಂದುಬಿಟ್ಟಿತು.

“ಮಣ್ಣಿಗೆ ಜೀವ ಇಲ್ಲಜ್ಜಿ. ಆ ಮಾತು ಈಗ್ಲೂ ಹೇಳ್ತೀನಿ. ಆದ್ರೆ ನಿಮ್ಮ ಮೊಮ್ಮಗಳು ಹೇಳಿದ್ರಾಗೆ ಒಂದೂ ಸುಳ್ಳಿಲ್ಲ. ಬೆಳೆಯೋದು, ಉಸಿರಾಡೋದು, ಗಾಯ ಮುಚ್ಚೋದು ಎಲ್ಲಾ ಐತೆ. ಅವು ಒಳಗಿರೋರವು. ಇಷ್ಟು ನೋಡದೇ ನಾನು ಅವಸರ ಮಾಡಿದೆ.”

ಅಜ್ಜಿ, ಕೆಳಗೆ ಬಿದ್ದ ಮಣ್ಣಿನ ಹೆಂಟೆಯನ್ನು ಎತ್ತಿ ಹುತ್ತದ ಬುಡಕ್ಕೆ ಇಟ್ಟಳು. ಆಮೇಲೆ, ತಾನು ಚಿಕ್ಕವಳಿದ್ದಾಗ ತವರಿನ ಹೊಲದಲ್ಲಿ ಇದಕ್ಕಿಂತ ಎತ್ತರದ ಹುತ್ತವೊಂದು ಇತ್ತೆಂದು ಹೇಳಿದಳು. ಹುಳ ಬಿಟ್ಟುಹೋದ ಮೇಲೆ ಎರಡು ಮಳೆಗಾಲದೊಳಗೆ ಕರಗಿ ನೆಲಸಮವಾಯಿತಂತೆ. ಈಗ ಅಲ್ಲಿ ಇತ್ತೆಂದು ಹೇಳಿದರೆ ಯಾರೂ ನಂಬುವುದಿಲ್ಲವಂತೆ.

ಹುಡುಗಿ ಅಜ್ಜಿಯನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿಲ್ಲದೆ ಉಳಿದಿದ್ದ ಒಂದೇ ಪ್ರಶ್ನೆಗೆ ಉತ್ತರ ಅವಳ ಮನೆಯಲ್ಲೇ ಇತ್ತು. ಆ ಉತ್ತರವನ್ನು ಅವಳು ಯಾವ ಕಡೆ ಸೇರಿಸಿಕೊಂಡಳೋ ನಾನು ಕೇಳಲಿಲ್ಲ. ಹೆಗಲ ಚೀಲದಲ್ಲಿದ್ದ ಪುಸ್ತಕದಿಂದ ಆ ಲಗ್ನಪತ್ರಿಕೆಯ ಚೀಟಿ ತೆಗೆದು, ನೋಡಿ, ಮತ್ತೆ ಒಳಗಿಟ್ಟಳು. ನಾಳೆ ಇಡ್ತೀನಿ ಮಿಸ್, ಎಂದಳು.

ಅಜ್ಜಿ ಹೊರಡುವ ಮೊದಲು ಮುಖ್ಯ ಶಿಕ್ಷಕರ ಎದುರೇ ತೀರ್ಮಾನ ಹೇಳಿದಳು. ಮನುಷ್ಯರ ತಪ್ಪನ್ನು ಹುತ್ತ ಮನಸ್ಸಿಗೆ ಹಾಕಿಕೊಂಡಿದ್ದರೆ ಅದು ತನ್ನ ಗಾಯ ಮುಚ್ಚಿಕೊಳ್ಳುವುದಿಲ್ಲ, ಇದು ಹಿರಿಯರಿಂದ ಬಂದ ಮಾತು.

“ನಾಳೆ ಮುಂಜಾನೆ ಬಂದು ನೋಡು. ಮುಚ್ಚಿದ್ರೆ ನಂದೇನೂ ದೂರಿಲ್ಲ, ಹುಡುಗ್ರನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗು. ತೆರೆದೇ ಇದ್ರೆ ಮೇಷ್ಟ್ರು ಹೇಳ್ದಂಗೆ ಕೋಣೆಯಾಗೆ ಕುಂದ್ರಿಸ್ಕೋ.”

ಮುಖ್ಯ ಶಿಕ್ಷಕರು ತಲೆಯಾಡಿಸಿದರು. ಹಾಗೆ ನನ್ನ ಶನಿವಾರಗಳೆಲ್ಲ ಆ ಸಣ್ಣ ಹುಳಗಳ ಕೈಗೆ ಹೋದವು. ಸಂಜೆ ಕೋಣೆಯಲ್ಲಿ ನನ್ನ ಹಳೆಯ ಟಿಪ್ಪಣಿಗಳನ್ನೆಲ್ಲ ತಿರುವಿ ಹಾಕಿದೆ. ಗೆದ್ದಲು ಗೂಡನ್ನು ಮತ್ತೆ ಕಟ್ಟುತ್ತದೆ ಎಂದು ನಾನೇ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ನಾಲ್ಕು ಬೆರಳಗಲದ ಬಾಯಿ ಮುಚ್ಚಲು ಎಷ್ಟು ಗಂಟೆ ಬೇಕು ಎಂದು ಎಲ್ಲೂ ಬರೆದುಕೊಂಡಿರಲಿಲ್ಲ.

ಮರುದಿನ ಮುಂಜಾನೆ ಜಗಳೂರಿನಿಂದ ಮೊದಲ ಬಸ್ಸು ಹಿಡಿದೆ. ಬಿಳಿಚೋಡಿನಲ್ಲಿ ಇಳಿದು ಮೂರು ಕಿಲೋಮೀಟರ್ ನಡೆಯುವಾಗ ಎರಡು ಸಲ ಓಡಿದೆ, ದಾರಿಯಲ್ಲಿ ಜನ ಕಂಡಾಗ ನಿಧಾನಿಸಿದೆ. ಶಾಲೆಯ ಬೀಗ ಇನ್ನೂ ತೆರೆದಿರಲಿಲ್ಲ. ಗೋಮಾಳ ದಾಟಿ, ಅದೇ ಹತ್ತು ಹೆಜ್ಜೆ ದೂರದಲ್ಲಿ ಚಪ್ಪಲಿ ಬಿಟ್ಟು, ಹುತ್ತದ ಮುಂದೆ ಮಂಡಿಯೂರಿದೆ. ಗಾಯ ಇರಲಿಲ್ಲ. ಇದ್ದ ಜಾಗದಲ್ಲಿ ರಾಗಿ ಮುದ್ದೆಯ ಬಣ್ಣದ, ಕಾಳುಕಾಳಾದ ಹೊಸ ಮಣ್ಣು, ಸುತ್ತಲಿನ ಒಣ ಕೆಂಪಿಗಿಂತ ಗಾಢವಾಗಿ, ಪೂರ್ತಿ ಮುಚ್ಚಿಕೊಂಡಿತ್ತು. ನಾಲ್ಕು ಬೆರಳು ಅಳತೆಗೆ ಹತ್ತಿರ ಹಿಡಿದು ನೋಡಿದೆ. ತೋರುಬೆರಳ ತುದಿಯನ್ನು ಒಂದೇ ಒಂದು ಸಲ, ಹಗುರವಾಗಿ ತಾಗಿಸಿದೆ. ಇನ್ನೂ ಹಸಿ ಇತ್ತು. ಗಡಿಯಾರ ನೋಡಿ ಸಮಯ ಬರೆದುಕೊಂಡೆ.

ಮುಖ್ಯ ಶಿಕ್ಷಕರು ಕಚೇರಿಯ ಬಾಗಿಲು ತೆರೆಯುತ್ತಿದ್ದರು. ಮುಚ್ಚಿದೆಯಾ ಎಂದು ಕೇಳಿದರು. ಬೆರಳ ತುದಿಯ ಮಣ್ಣನ್ನು ತೋರಿಸಿದೆ. ಅದನ್ನು ನೋಡಿ, ಹಗ್ಗ ಇಟ್ಟಿದ್ದ ಕಪಾಟಿನ ಬೀಗದ ಕೈಯನ್ನು ನನ್ನ ಕಡೆಗೆ ಚಾಚಿದರು. ಅಂದು ಮಂಗಳವಾರ, ಶನಿವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಪ್ರಾರ್ಥನೆ ಮುಗಿದ ಮೇಲೆ ಹಾಜರಿ ಕರೆದೆ, ಇಪ್ಪತ್ತಾರೂ ಹೆಸರು. ಆಮೇಲೆ ಕಪಾಟು ತೆರೆದು, ಗಂಟು ಹಾಕಿದ ಹಗ್ಗವನ್ನು ಹೊರಗೆ ತೆಗೆದು, ಅದರ ಒಂದು ತುದಿಯನ್ನು ಕಿಟಕಿಯ ಪಕ್ಕದ ಎರಡನೇ ಸಾಲಿನವಳ ಕೈಗೆ ಕೊಟ್ಟೆ.